‘ಒಂದು ಹಂಚು ತಾನೇ?’ ಎನ್ನುವವರಿಗೆ

ಬಡವರ ಮನೆಯ ವಿಷಯ ಬಂದರೆ ಈ ವ್ಯವಸ್ಥೆಗೆ ಗೊತ್ತಿರುವುದು ಒಂದೇ ಅಳತೆ. ಸಣ್ಣದು. ಅವರ ಜಾಗ ಸಣ್ಣದು, ಅವರ ಕೂಲಿ ಸಣ್ಣದು, ಅವರು ಸತ್ತರೆ ಪೇಪರಿನಲ್ಲಿ ಬರುವ ಸುದ್ದಿಯೂ ಸಣ್ಣದು. ಹಾಗೇ ಅವರ ಮನೆಯ ರಿಪೇರಿಯೂ ಸಣ್ಣದು. ‘ಒಂದು ಹಂಚು ತಾನೇ ಒಡೆದದ್ದು? ಬದಲಿಸಿದರಾಯ್ತು. ಅದಕ್ಕೆಲ್ಲ ಅರ್ಜಿ ಯಾಕೆ, ಅದಕ್ಕೆಲ್ಲ ಸಭೆ ಯಾಕೆ?’ ಎಂದು ಕೇಳುತ್ತಾರೆ. ಕೇಳುವವರು ತಾರಸಿ ಮನೆಯಲ್ಲಿ ಫ್ಯಾನಿನ ಕೆಳಗೆ ಕೂತವರು. ಅವರ ತಲೆಯ ಮೇಲೆ ಹಂಚಿಲ್ಲ. ಅವರು ಏಣಿ ಹತ್ತಿದವರಲ್ಲ.

ಅವರಿಗೆ ಉತ್ತರ ಕೊಡುವ ಕಾಲ ಬಂದಿದೆ. ಉತ್ತರವನ್ನು ಮಂಗಳೂರಿನಿಂದಲೇ ಕೊಡುತ್ತೇವೆ. ಯಾಕಂದರೆ ತನ್ನ ಹೆಸರನ್ನೇ ಹಂಚಿಗೆ ಕೊಟ್ಟ ಊರು ಇದು. ಬೀದರಿನಿಂದ ಚಾಮರಾಜನಗರದ ತನಕ ಕೆಂಪು ಹಂಚಿಗೆ ಜನ ‘ಮಂಗಳೂರು ಹಂಚು’ ಅಂತಲೇ ಹೇಳುತ್ತಾರೆ. ಆ ಊರಿನ ನಡುವೆಯೇ, ಒಂದು ಕಾಲನಿಯ ಮನೆಯಲ್ಲಿ, ಒಂದು ಹಂಚು ಬದಲಿಸುವುದು ಎಷ್ಟು ದೊಡ್ಡ ಕೆಲಸ ಎಂದು ನಾವು ಕಣ್ಣಾರೆ ನೋಡಿದ್ದೇವೆ. ನೋಡಿದ್ದನ್ನು ಬರೆಯುತ್ತೇವೆ.

ಬಯಲುಸೀಮೆಯಿಂದ ಬಂದು ಇಲ್ಲಿನ ಹಾಸ್ಟೆಲಿನಲ್ಲಿರುವ ಗೆಳೆಯರಿಗೆ ಮೊದಲು ಒಂದು ಲೆಕ್ಕ. ಮಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ 3,500 ಮಿಲಿಮೀಟರ್ ಆಸುಪಾಸು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಚಿತ್ರದುರ್ಗದ ಕಡೆ ಐದಾರು ವರ್ಷ ಸೇರಿ ಬೀಳುವ ಮಳೆ ಇಲ್ಲಿ ನಾಲ್ಕು ತಿಂಗಳಲ್ಲಿ ತಲೆಯ ಮೇಲೆ ಬೀಳುತ್ತದೆ. ಬೇರೆ ಕಡೆ ಬಿರುಕು ಬಿಟ್ಟ ಹಂಚು ಒಂದು ಕಿರಿಕಿರಿ. ಇಲ್ಲಿ ಅದೇ ಬಿರುಕು ಒಂದು ಮಳೆಗಾಲದಲ್ಲಿ ಮರ ಕೊಳೆಸುತ್ತದೆ, ಮಣ್ಣಿನ ಗೋಡೆ ನೆನೆಸುತ್ತದೆ, ಗೋಡೆ ಕೂರುತ್ತದೆ. ಹಂಚಿನಿಂದ ಶುರುವಾದದ್ದು ಹೆಣದಲ್ಲಿ ಮುಗಿಯುವುದೂ ಉಂಟು. ಮಳೆಗೆ ಗೋಡೆ ಕುಸಿದು ಸತ್ತರು ಎಂಬ ಸುದ್ದಿ ಆಟಿ ತಿಂಗಳಲ್ಲಿ ನಾವೆಲ್ಲ ಓದುವಂಥದ್ದೇ. ಗೋಡೆ ಯಾಕೆ ಕುಸಿಯಿತು ಎಂದು ಯಾರೂ ಬರೆಯುವುದಿಲ್ಲ.

ನಮ್ಮ ಜೊತೆ ಓದಿದ ಗೆಳೆಯನೊಬ್ಬನ ಮನೆ. ಅಜ್ಜಿ, ಬೀಡಿ ಕಟ್ಟುವ ತಾಯಿ, ಹತ್ತನೇ ಕ್ಲಾಸಿನ ತಂಗಿ. ತೆಂಗಿನ ಮರದಿಂದ ಕಾಯಿ ಬಿದ್ದು ಒಂದು ಹಂಚು ಸೀಳಿತ್ತು. ಹಿಂದಿನ ವರ್ಷದ ಮಳೆಯಲ್ಲಿ ತಂಗಿಯ ಪುಸ್ತಕದ ಟ್ರಂಕಿಗೆ ನೀರಿಳಿದಿತ್ತು. ಪತ್ತನಾಜೆಗೆ ಇನ್ನೂ ಹತ್ತು ದಿನ ಇರುವಾಗ, ಅಂದರೆ ಮೇ ತಿಂಗಳ ನಡುವೆ, ನಾವು ನಾಲ್ಕು ಜನ ಹೋದೆವು. ಅಜ್ಜಿ ಪ್ರಾಯದಲ್ಲಿ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಹಸಿ ಹಂಚು ಹೊತ್ತು ಒಣಹಾಕಿದವರು. ಅಂಗಳದಲ್ಲಿ ಕೂತೇ ಇಡೀ ಕೆಲಸವನ್ನು ನಡೆಸಿದ್ದು ಅವರು.

ಮೊದಲ ಪ್ರಶ್ನೆ, ಯಾವ ಹಂಚು? ನೀರು ತೊಟ್ಟಿಕ್ಕುವ ಜಾಗದ ನೇರ ಮೇಲೆಯೇ ಒಡಕು ಇರುತ್ತದೆ ಎಂಬುದು ತಾರಸಿಯವರ ಶಾಸ್ತ್ರ. ಹಂಚಿನ ಮಾಡಿನ ಶಾಸ್ತ್ರ ಬೇರೆ. ಒಳಗಿಳಿದ ನೀರು ರೀಪು ಹಿಡಿದು ಅಡ್ಡ ಓಡುತ್ತದೆ, ಪಕ್ಕಾಸು ಹಿಡಿದು ಕೆಳಗೆ ಇಳಿಯುತ್ತದೆ, ತನಗೆ ಬೇಕಾದ ಕಡೆ ಬೀಳುತ್ತದೆ. (ಬಯಲುಸೀಮೆಯವರಿಗೆ: ಮಾಡು ಅಂದರೆ ಇಳಿಜಾರು ಸೂರು, ಪಕ್ಕಾಸು ಅಂದರೆ ಮೇಲಿನಿಂದ ಕೆಳಗೆ ಇಳಿಯುವ ಮರ, ರೀಪು ಅಂದರೆ ಅದರ ಮೇಲೆ ಅಡ್ಡ ಹೊಡೆದ ಪಟ್ಟಿ. ಹಂಚು ಕೂರುವುದು ರೀಪಿನ ಮೇಲೆ.) ಅಜ್ಜಿ ಹೇಳಿದರು, ‘ಮಧ್ಯಾಹ್ನ ಬಾಗಿಲು ಕಿಟಕಿ ಎಲ್ಲ ಮುಚ್ಚಿ ಒಳಗೆ ನಿಲ್ಲಿ ಮಕ್ಕಳೇ. ಎಲ್ಲಿ ಬೆಳಕು ಚುಚ್ಚುತ್ತದೋ ಅಲ್ಲಿಗೆ ಸೀಮೆಸುಣ್ಣ ಕಟ್ಟಿದ ಕೋಲು ತಾಗಿಸಿ.’ ನಿಂತೆವು. ಒಂದು ಕಡೆ ಅಲ್ಲ, ಏಳು ಕಡೆ ಬೆಳಕು. ಕಾಯಿ ಬಿದ್ದ ಹಂಚು ಒಂದು. ಉಳಿದವು ವರ್ಷ ವರ್ಷ ಹಾವಸೆ ಹಿಡಿದು, ನೆನೆದು ಒಣಗಿ, ಕೂದಲೆಳೆಯಷ್ಟು ಬಿರಿದವು.

ಎರಡನೆಯದು, ತೆಗೆಯುವುದು ಹೇಗೆ? ಮಂಗಳೂರು ಹಂಚು ಒಂಟಿ ಹಂಚಲ್ಲ. ಒಂದರ ಬದಿಯ ತೋಡಿನಲ್ಲಿ ಇನ್ನೊಂದರ ಅಂಚು ಕೂರುತ್ತದೆ. ಮೇಲಿನ ಸಾಲಿನ ಬಾಲ ಕೆಳಗಿನ ಸಾಲಿನ ತಲೆಯನ್ನು ಮುಚ್ಚುತ್ತದೆ. ಒಳಮೈಯಲ್ಲಿರುವ ಮೊಳೆಯಂಥ ಉಬ್ಬು ರೀಪಿಗೆ ಕೊಕ್ಕೆ ಹಾಕಿ ನಿಲ್ಲುತ್ತದೆ. ಒಂದನ್ನು ತೆಗೆಯಬೇಕಾದರೆ ಮೇಲಿನದನ್ನು ಎತ್ತಿ ನೂಕಬೇಕು, ಪಕ್ಕದ್ದನ್ನು ಸಡಿಲಿಸಬೇಕು. ಹಳೆಯ ಹಂಚನ್ನು ಎತ್ತಿದರೆ ಅದರ ಕಿವಿ ಮುರಿಯುತ್ತದೆ. ‘ಎಂತದು ಮಗಾ, ಹಂಚು ತೆಗೆಯುದು ಅಂದ್ರೆ ಹಲ್ಲು ಕಿತ್ತ ಹಾಗಾ? ಒಂದು ಮುಟ್ಟಿದ್ರೆ ನಾಲ್ಕು ಮುಟ್ಟಿದ ಹಾಗೆ’ ಎಂದರು ಅಜ್ಜಿ. ಹಾಗಾಗಿ ಮೇಲೆ ಹತ್ತಲು ನಮ್ಮನ್ನು ಬಿಡಲಿಲ್ಲ. ಅದೇ ಕಾಲನಿಯ ಒಬ್ಬ ಹಿರಿಯರನ್ನು ಕರೆಸಿದರು. ಮಾಡಿನ ಕೆಲಸದಲ್ಲೇ ಮುದುಕರಾದವರು. ಹಿಂದೊಮ್ಮೆ ಬಿದ್ದು ಒಂದು ಕಾಲು ಎಳೆದು ನಡೆಯುವವರು. ಅವರು ಹತ್ತಿದ್ದನ್ನು ನೋಡಬೇಕಿತ್ತು. ಹಂಚಿನ ಹೊಟ್ಟೆಗೆ ಪಾದ ಇಡಲಿಲ್ಲ. ಕೆಳಗೆ ರೀಪು ಇರುವ ಕಡೆ, ಹಂಚಿನ ಮೇಲೆ ಹಂಚು ಕೂತ ಗೆರೆಯಲ್ಲಿ ಮಾತ್ರ, ಬೆಕ್ಕು ನಡೆದ ಹಾಗೆ.

ಮೂರನೆಯದು ಮರ. ಹಂಚು ಎತ್ತಿದಾಗ ಅಡಿಯ ರೀಪು ಕೈಗೆ ಪುಡಿಪುಡಿಯಾಗಿ ಬಂತು. ಗೆದ್ದಲು. ಗೋಡೆಯ ಮೇಲೆ ಕೂತ ತಾಳೆಮರದ ಪಕ್ಕಾಸಿನ ತುದಿ ಸ್ಪಂಜಿನ ಹಾಗೆ. ಇದು ಸಣ್ಣದಾ? ಒಂದು ಹಂಚು ಎರಡರಿಂದ ಮೂರು ಕಿಲೋ ತೂಗುತ್ತದೆ. ಒಂದು ಚದರ ಮೀಟರಿಗೆ ಹದಿನೈದರ ಹತ್ತಿರ ಹಂಚು ಬೇಕು. ಹತ್ತು ಚದರ ಮೀಟರಿನ ಮಾಡಿಗೆ 150 ಹಂಚು, ಒಣಗಿದ್ದಾಗಲೇ 300 ರಿಂದ 450 ಕಿಲೋ. ಮಳೆಯಲ್ಲಿ ಹಂಚು ನೀರು ಕುಡಿಯುತ್ತದೆ, ಭಾರ ಇನ್ನೂ ಏರುತ್ತದೆ. ಆ ಭಾರ ಹೊತ್ತ ಪಕ್ಕಾಸಿನ ತುದಿ ಕೊಳೆತಿದೆ. ಅದರ ಕೆಳಗೆ ಮೂರು ಹೆಂಗಸರು ಚಾಪೆ ಹಾಸಿ ಮಲಗುತ್ತಾರೆ. ಒಂದು ಹಂಚು ತಾನೇ ಎನ್ನುವ ಸ್ವಾಮಿಗಳು ಒಂದು ರಾತ್ರಿ ಬಂದು ಅಲ್ಲಿ ಮಲಗಲಿ.

ನಾಲ್ಕನೆಯದೇ ನಮ್ಮನ್ನು ಬೀದಿ ಸುತ್ತಿಸಿದ್ದು. ಹೊಸ ಹಂಚು. ಅಂಗಡಿಯಲ್ಲಿ ಹಂಚು ಇತ್ತು. ತಂದು ಇಟ್ಟರೆ ಕೂರಲಿಲ್ಲ. ಒಂದು ಮೂಲೆ ಎದ್ದು ನಿಂತಿತು. ಪಕ್ಕದ ತೋಡು ಇದರ ಅಂಚಿಗೆ ಸೇರಲಿಲ್ಲ. ಹಾಗೇ ಬಿಟ್ಟರೆ ಒಂದು ಸೋರಿಕೆಗೆ ಬದಲು ಎರಡು. ಕಾರಣ ಏನು? ಸರ್ಕಾರದ ಮಾನಕ ಸಂಸ್ಥೆ ಮಂಗಳೂರು ಹಂಚಿಗೆ ಐ.ಎಸ್. 654 ಎಂಬ ನಿಯಮ ಮಾಡಿದೆ. ಅದರಲ್ಲೇ ಮೂರು ಅಳತೆ ಇವೆ. 410 ಕ್ಕೆ 235, 420 ಕ್ಕೆ 250, 425 ಕ್ಕೆ 260 ಮಿಲಿಮೀಟರ್. ಅತಿ ಚಿಕ್ಕದಕ್ಕೂ ಅತಿ ದೊಡ್ಡದಕ್ಕೂ ಅಗಲದಲ್ಲಿ 25 ಮಿಲಿಮೀಟರ್ ವ್ಯತ್ಯಾಸ, ಉದ್ದದಲ್ಲಿ 15. ಸಾಲದ್ದಕ್ಕೆ ಒಂದೊಂದು ಕಾರ್ಖಾನೆಯ ಅಚ್ಚಿಗೆ ಒಂದೊಂದು ತೋಡು, ಒಂದೊಂದು ಉಬ್ಬು. ರೀಪಿನಿಂದ ರೀಪಿಗೆ ಇರುವ ಅಂತರ, ಒಂದು ಅಡಿಗಿಂತ ಚೂರು ಹೆಚ್ಚು, ಹಂಚಿನ ಉದ್ದ ನೋಡಿ ಹೊಡೆದದ್ದು. ಬೇರೆ ಅಳತೆಯ ಹಂಚಿಗೆ ಆ ರೀಪು ಒಗ್ಗುವುದಿಲ್ಲ. ಗೆಳೆಯನ ಮನೆಯ ಹಂಚಿನ ಒಳಮೈಯಲ್ಲಿ ಅಚ್ಚೊತ್ತಿದ್ದ ಹೆಸರಿನ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿದೆ. ಅದರ ಅಚ್ಚು ಯಾವ ಗುಜರಿಗೆ ಹೋಯಿತೋ.

ಹಳೇ ಮನೆ ಒಡೆದ ಹಂಚು ಮಾರುವವರ ಹತ್ತಿರ ಹೋದೆವು. ಅಲ್ಲಿ ಅದೇ ಹೆಸರಿನ ಹಂಚು ಗೋಡೆಯ ಹಾಗೆ ಪೇರಿಸಿಟ್ಟಿದ್ದರು. ‘ಏಳು ಹಂಚಾ? ಸಾವಿರ ಬೇಕಾದ್ರೆ ಹೇಳಿ. ಇದೆಲ್ಲ ರೆಸಾರ್ಟಿನವರಿಗೆ ಆಗಿದೆ’ ಎಂದರು. ಕೇಳಿದಿರಾ? ಬಡವರ ಮಾಡಿಗೆ ಏಳು ಹಂಚು ಇಲ್ಲ. ಶ್ರೀಮಂತರು ರಜೆ ಕಳೆಯುವ ಗುಡಿಸಲಿಗೆ ಸಾವಿರ ಹಂಚು ಉಂಟು.

ಕೊನೆಗೆ ದಾರಿ ತೋರಿಸಿದ್ದು ಮತ್ತೆ ಅಜ್ಜಿಯೇ. ‘ಹೊಸತನ್ನು ಹಳೆಯದರ ನಡುವೆ ಸೇರಿಸ್ಬೇಡಿ. ಚಾವಡಿಯ ಮಾಡು ಬಿಚ್ಚಿ. ಅದರ ಒಳ್ಳೇ ಹಂಚು ಮಲಗುವ ಕೋಣೆಗೆ ಹಾಕಿ. ಹೊಸತೆಲ್ಲ ಒಟ್ಟಿಗೆ ಚಾವಡಿಗೆ.’ ಹಾಗೇ ಆಯಿತು. ಎದುರಿನ ಚಾವಡಿಯ ಹಂಚನ್ನೆಲ್ಲ ಇಳಿಸಿ, ತಟ್ಟಿ ನೋಡಿ, ಠಣ್ ಎಂದು ನಾದ ಬಂದದ್ದನ್ನು ಆರಿಸಿ ಕೋಣೆಯ ಮಾಡಿಗೆ ಏರಿಸಿದರು. ಚಾವಡಿಯ ರೀಪು ಕಿತ್ತು ಹೊಸ ಹಂಚಿನ ಅಳತೆಗೆ ಹೊಸದಾಗಿ ಹೊಡೆದರು. ಪಕ್ಕಾಸಿನ ಕೊಳೆತ ತುದಿಗೆ ಬೇರೆ ಮರ ಜೋಡಿಸಿ ಬೋಲ್ಟು ಬಿಗಿದರು. ಒಂದು ಹಂಚಿನ ಕೆಲಸಕ್ಕೆ ಆರು ದಿನ. ಆರು ದಿನದ ಕೂಲಿ, ಮರ, ಮೊಳೆ, ಹಂಚು. ದುಡ್ಡು ಬಂದದ್ದು ತಾಯಿಯ ಬೀಡಿಯಿಂದ, ಸಂಘದ ಸಾಲದಿಂದ. ಸರ್ಕಾರದಿಂದ ಒಂದು ಬಿಡಿಕಾಸೂ ಬರಲಿಲ್ಲ. ಯಾಕೆ ಬರಲಿಲ್ಲ ಎಂಬುದನ್ನು ಮುಂದೆ ಹೇಳುತ್ತೇವೆ.

ಅದಕ್ಕೆ ಮೊದಲು ಈ ಹಂಚಿನ ಚರಿತ್ರೆಯನ್ನು ನೀವು ತಿಳಿಯಬೇಕು. ಒಂದಕ್ಕೊಂದು ಬೆಸೆಯುವ ಹಂಚನ್ನು ಫ್ರಾನ್ಸಿನ ಆಲ್ಸಾಸ್ ಸೀಮೆಯ ಗಿಲಾರ್ಡೊನಿ ಸೋದರರು 1841ರಲ್ಲಿ ಪೇಟೆಂಟ್ ಮಾಡಿಸಿದರು. ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ನಡೆಸಿದವರು ಜಾರ್ಜ್ ಪ್ಲೆಬ್ಸ್ಟ್. ಮಿಷನ್ ಸೇರಿದವರು ಜಾತಿಯಿಂದಲೂ ಕಸುಬಿನಿಂದಲೂ ಹೊರದಬ್ಬಿಸಿಕೊಂಡಿದ್ದರು. ಅವರಿಗೆ ಕೆಲಸ ಬೇಕಿತ್ತು. ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯಲ್ಲಿ ಆವೆಮಣ್ಣು ಇತ್ತು. 1868ರಲ್ಲಿ ಆಲ್ಬುಕರ್ಕ್ ಕಾರ್ಖಾನೆ ಬಂತು. ಆಮೇಲೆ ಹೊಳೆಯ ಉದ್ದಕ್ಕೂ ಚಿಮಣಿಗಳು ಎದ್ದವು. ಹಂಚು ಹಡಗು ಹತ್ತಿ ಬರ್ಮಾಕ್ಕೆ, ಏಡನ್‌ಗೆ, ಆಫ್ರಿಕದ ಪೂರ್ವ ಕರಾವಳಿಗೆ ಹೋಯಿತು.

ಪೇಟೆಂಟ್ ಮಾಡಿಸಿದವರ ಹೆಸರು ಉಳಿದಿದೆ. ಕಾರ್ಖಾನೆ ಕಟ್ಟಿದವರ ಹೆಸರು ಉಳಿದಿದೆ. ಮಾಲೀಕರ ಹೆಸರು ಹಂಚಿನ ಮೈಯಲ್ಲೇ ಉಳಿದಿದೆ. ಮಣ್ಣು ತುಳಿದವರ, ಅಚ್ಚು ಒತ್ತಿದವರ, ಹಸಿ ಹಂಚು ಹೊತ್ತು ತಲೆಯ ಕೂದಲು ಉದುರಿದ ಹೆಂಗಸರ, ಗೂಡಿನ ಬೆಂಕಿಯ ಮುಂದೆ ರಾತ್ರಿ ಕಳೆದವರ ಹೆಸರು ಎಲ್ಲಿದೆ? ಅಜ್ಜಿಯ ಹೆಸರು ಯಾವ ಹಂಚಿನ ಮೇಲೆ ಇದೆ?

ಇನ್ನೊಂದು ಚರಿತ್ರೆ ಇದೆ. ಬಾಬಾ ಸಾಹೇಬ್ ಅಂಬೇಡ್ಕರರು ಅಸ್ಪೃಶ್ಯರ ಬದುಕಿನ ಬಗ್ಗೆ ಬರೆದಿಟ್ಟು ಹೋದ ಹಸ್ತಪ್ರತಿಯನ್ನು ಮಹಾರಾಷ್ಟ್ರ ಸರ್ಕಾರ ಅವರ ಬರಹಗಳ ಐದನೆಯ ಸಂಪುಟದಲ್ಲಿ ಅಚ್ಚು ಹಾಕಿದೆ. ಹಳ್ಳಿಯ ಸವರ್ಣರ ಕಟ್ಟಳೆಯಲ್ಲಿ ಅಸ್ಪೃಶ್ಯ ಮಾಡಿದರೆ ಯಾವ ಯಾವುದು ಅಪರಾಧ ಎಂಬ ಪಟ್ಟಿಯನ್ನು ಅವರು ಅಲ್ಲಿ ಕೊಡುತ್ತಾರೆ. ಜಮೀನು ದನ ಮಾಡಿಕೊಳ್ಳುವುದು ಅಪರಾಧ. ಶುಭ್ರವಾದ ಬಟ್ಟೆ, ಚಪ್ಪಲಿ, ಚಿನ್ನ ತೊಡುವುದು ಅಪರಾಧ. ಆ ಪಟ್ಟಿಯಲ್ಲಿ ಇನ್ನೊಂದು ಅಪರಾಧವೂ ಇದೆ. ಮನೆಗೆ ಹಂಚು ಹೊದಿಸುವುದು! ಓದಿ ಗೆಳೆಯರೇ, ಎರಡು ಸಲ ಓದಿ. ನಮ್ಮ ಹಿರಿಯರು ಮುಳಿಹುಲ್ಲಿನ ಕೆಳಗೆ, ಮಡಲಿನ ಕೆಳಗೆ ಇದ್ದದ್ದು ಬಡತನದಿಂದ ಮಾತ್ರ ಎಂದುಕೊಂಡಿರಾ? ಕರಾವಳಿಯ ಕೊರಗರ ಸೊಪ್ಪಿನ ಗುಡಿಸಲಿಗೆ ‘ಕೊಪ್ಪ’ ಎಂದು ಬೇರೆಯೇ ಹೆಸರಿತ್ತು. ಯಾರ ತಲೆಯ ಮೇಲೆ ಏನಿರಬೇಕು ಎಂಬುದನ್ನು ಜಾತಿ ತೀರ್ಮಾನ ಮಾಡುತ್ತಿತ್ತು. ಹುಲ್ಲಿನಿಂದ ಹಂಚಿಗೆ ಬರಲು ನಮ್ಮವರಿಗೆ ತಲೆಮಾರುಗಳು ಹಿಡಿದವು. ಆ ಹಂಚು ಒಡೆದಾಗ ‘ಒಂದು ಹಂಚು ತಾನೇ’ ಎನ್ನುವ ನಾಲಗೆಗೆ ಈ ಚರಿತ್ರೆ ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಮರೆತಿದೆ.

ಈಗ ಉಪದೇಶ ಮಾಡುವವರ ಸಾಲಿಗೆ ಬರೋಣ. ಮೂರು ಬಗೆಯವರಿದ್ದಾರೆ.

ಮೊದಲನೆಯವರು: ‘ಹಂಚು ಸಿಗದಿದ್ದರೆ ಶೀಟು ಹಾಕಿ ಮುಗಿಸಿ ಮಾರಾಯ್ರೇ.’ ಹೌದಾ? ಮಂಗಳೂರಿನ ಮಳೆ ತಗಡಿನ ಮೇಲೆ ಬೀಳುವ ಸದ್ದನ್ನು ಇವರು ಕೇಳಿದ್ದಾರಾ? ಹತ್ತನೇ ಕ್ಲಾಸಿನ ಹುಡುಗಿ ಅದರ ಕೆಳಗೆ ಕೂತು ಗಣಿತ ಮಾಡಲಿ. ಏಪ್ರಿಲ್‌ನಲ್ಲಿ ಅದರ ಕೆಳಗೆ ಬೀಡಿ ಕಟ್ಟಲಿ. ಸಿಮೆಂಟ್ ಶೀಟಿನ ಕತೆ ಇನ್ನೂ ಬೇರೆ. ಅದರಲ್ಲಿ ಬೆರೆಸುವ ಕಲ್ನಾರು ಶ್ವಾಸಕೋಶಕ್ಕೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಯುರೋಪಿನ ಒಕ್ಕೂಟ 2005ರಿಂದ ಅದನ್ನು ನಿಷೇಧಿಸಿದೆ. ನಮ್ಮ ದೇಶದಲ್ಲಿ ಅದು ಇನ್ನೂ ಮಾರಾಟವಾಗುತ್ತದೆ. ಯಾರ ಮನೆಗೆ? ಕೊಯ್ಯುವಾಗ, ತೂತು ಹೊಡೆಯುವಾಗ ಏಳುವ ಧೂಳು ಯಾರ ಎದೆಗೆ? ಶೀಟು ಅಗ್ಗ ಎನ್ನುವವರು ಎದೆಯನ್ನೂ ಲೆಕ್ಕಕ್ಕೆ ಸೇರಿಸಲಿ.

ಎರಡನೆಯವರು ಪರಂಪರೆಯ ಪ್ರೇಮಿಗಳು. ಹಳೇ ಹಂಚನ್ನು ಕಂಡರೆ ಇವರ ಕಣ್ಣಲ್ಲಿ ನೀರು. ಕೆಂಪು ಮಾಡಿನ ಫೋಟೋ ತೆಗೆಯುತ್ತಾರೆ, ಹೋಟೆಲಿನ ಗೋಡೆಗೆ ಅಲಂಕಾರ ಮಾಡುತ್ತಾರೆ. ನಮಗೆ ಹಂಚಿನ ಮೇಲೆ ದ್ವೇಷವಿಲ್ಲ, ಹಂಚು ಒಳ್ಳೆಯದು, ತಂಪು, ನೂರು ವರ್ಷ ಬಾಳುವಂಥದ್ದು. ಆದರೆ ಸ್ವಾಮಿ, ನಿಮ್ಮ ಪರಂಪರೆಯಲ್ಲಿ ಹಂಚು ಇದೆ, ಹಂಚು ಹೊತ್ತ ತಲೆ ಇಲ್ಲ. ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದಾಗ ಇವರ ಕಣ್ಣೀರು ಎಲ್ಲಿತ್ತು? ಮಣ್ಣು ಸಿಗುವುದು ಕಷ್ಟವಾಯಿತು, ಸೌದೆ ತುಟ್ಟಿಯಾಯಿತು, ಊರೆಲ್ಲ ಕಾಂಕ್ರೀಟು ಹಿಡಿಯಿತು, ಕಾರ್ಖಾನೆಯ ಜಾಗಕ್ಕೆ ಹಂಚಿಗಿಂತ ಹೆಚ್ಚು ಬೆಲೆ ಬಂತು. ಮುಚ್ಚಿದ್ದಕ್ಕೆ ಕಾರಣ ಹೀಗೆ ಹಲವು. ಆದರೆ ದುಡಿದವರನ್ನು ಬರಿಗೈಯಲ್ಲಿ ಮನೆಗೆ ಕಳಿಸಿದ್ದಕ್ಕೆ ಇರುವ ಕಾರಣ ಒಂದೇ. ಅವರನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮೂರನೆಯವರು ಕಚೇರಿಯವರು. ‘ರಿಪೇರಿಗೆಲ್ಲ ಇಲ್ಲಿ ದುಡ್ಡಿಲ್ಲ. ಹೊಸ ಮನೆಗೆ ಅರ್ಜಿ ಹಾಕಿ. ಜಾಗ ನಿಮ್ಮ ಹೆಸರಲ್ಲಿ ಉಂಟಾ?’ ಒಂದು ಕಚೇರಿಯಲ್ಲಿ ಅಜ್ಜಿಗೆ ಸಿಕ್ಕ ಉತ್ತರ ಇದು. ಮೂರೇ ವಾಕ್ಯ. ಅದರಲ್ಲಿ ಇಡೀ ವ್ಯವಸ್ಥೆ ಅಡಗಿದೆ. 2015ರಲ್ಲಿ ಬಂದ ಪ್ರಧಾನಮಂತ್ರಿ ನಗರ ಆವಾಸ್ ಯೋಜನೆ ನೋಡಿ. ಸ್ವಂತ ಜಾಗದಲ್ಲಿ ಮನೆ ಕಟ್ಟಿಕೊಳ್ಳುವವರಿಗೆ ಕೇಂದ್ರದಿಂದ ಒಂದೂವರೆ ಲಕ್ಷ ರೂಪಾಯಿ ಇತ್ತು. ಇರುವ ಮನೆಯನ್ನು ಉತ್ತಮಪಡಿಸುವುದಕ್ಕೂ ಅದರಲ್ಲಿ ಅವಕಾಶ ಇತ್ತು. ಆದರೆ ಕನಿಷ್ಠ 9 ಚದರ ಮೀಟರ್ ಹೊಸದಾಗಿ ಸೇರಿಸಿದರೆ ಮಾತ್ರ! ಇರುವ ಮಾಡು ಸೋರದ ಹಾಗೆ ಮಾಡುವುದು ಅವರ ಲೆಕ್ಕದಲ್ಲಿ ಉತ್ತಮಪಡಿಸುವುದಲ್ಲ. ಹೊಸದಕ್ಕೆ ಉದ್ಘಾಟನೆ ಉಂಟು, ಕಲ್ಲಿನ ಫಲಕ ಉಂಟು, ಫೋಟೋ ಉಂಟು. ರಿಪೇರಿಗೆ ಟೇಪು ಕತ್ತರಿಸಲಾಗುವುದಿಲ್ಲವಲ್ಲ!

ಮತ್ತೆ ಜಾಗ ಯಾರ ಹೆಸರಲ್ಲಿ? ಈ ಪ್ರಶ್ನೆ ಕೇಳಲು ನಾಚಿಕೆಯಾಗಬೇಕು. ಬ್ರಿಟಿಷರ ಕಾಲದಲ್ಲೇ ಈ ಜಿಲ್ಲೆಯಲ್ಲಿ ದಲಿತರಿಗೆಂದು ಭೂಮಿ ಕಾದಿರಿಸಿದ್ದರು. ಡಿ.ಸಿ. ಮನ್ನಾ ಭೂಮಿ. ಅದನ್ನು ಅಳೆದು ನಮಗೆ ಹಂಚಿ ಎಂದು ಕೂಗಿ ಕೂಗಿ ನಮ್ಮ ಸಂಘಟನೆಗಳ ಗಂಟಲು ಒಣಗಿದೆ. ಎಷ್ಟೋ ಕಡೆ ಅದು ಬೇರೆಯವರ ಬೇಲಿಯ ಒಳಗಿದೆ. 94ಸಿ, 94ಸಿಸಿ ಎಂಬ ಕಲಮುಗಳ ನಂಬರು ಈ ಜಿಲ್ಲೆಯ ಅಜ್ಜಿಯರಿಗೂ ಬಾಯಿಪಾಠ. ನಂಬರು ಬಾಯಲ್ಲಿದೆ, ಹಕ್ಕುಪತ್ರ ಕೈಯಲ್ಲಿಲ್ಲ. ಹಕ್ಕುಪತ್ರ ಇಲ್ಲದಿದ್ದರೆ ಬ್ಯಾಂಕಿನ ಸಾಲ ಇಲ್ಲ, ಯೋಜನೆಯ ದುಡ್ಡು ಇಲ್ಲ. ಭೂಮಿಯ ಕಾಗದಕ್ಕೂ ಮಾಡಿನ ಹಂಚಿಗೂ ಏನು ಸಂಬಂಧ ಎನ್ನುವವರು ಇದನ್ನು ನೋಡಲಿ. ಕೆಳಗೆ ಕಾಗದ ಇಲ್ಲ ಎಂದು ಮೇಲೆ ಹಂಚು ಇಲ್ಲ. ನ್ಯಾಯಾಲಯ ಏನು ಹೇಳಿದೆ? ಚಮೇಲಿ ಸಿಂಗ್ ಪ್ರಕರಣದಲ್ಲಿ, 1995ರಲ್ಲಿ, ಸುಪ್ರೀಂ ಕೋರ್ಟು ವಸತಿಯನ್ನು ಬದುಕುವ ಹಕ್ಕಿನ ಒಳಗೆ ಸೇರಿಸಿತು. ವಸತಿ ಎಂದರೆ ಬರೀ ನಾಲ್ಕು ಗೋಡೆ ಅಲ್ಲ, ಭದ್ರವಾದ ಕಟ್ಟಡ, ಬೆಳಕು, ಗಾಳಿ, ನೀರು ಎಲ್ಲ ಸೇರಿದ್ದು ಎಂದಿತು. ಆ ಪ್ರಕರಣ ಹುಟ್ಟಿದ್ದೂ ದಲಿತರಿಗೆ ಮನೆ ಕಟ್ಟಲು ಸರ್ಕಾರ ಭೂಮಿ ತೆಗೆದುಕೊಂಡಾಗ. ಭದ್ರವಾದ ಕಟ್ಟಡ ಎಂದರೆ ಸೋರದ ಮಾಡು ಎಂದು ಕಚೇರಿಗಳಿಗೆ ಯಾರು ಅನುವಾದ ಮಾಡಿ ಹೇಳಬೇಕು? ನಾವೇ.

ಕೊನೆಯದಾಗಿ, ಹತ್ತಿದವರ ಮಾತು. ಕಾಲೆಳೆದು ನಡೆಯುವ ಆ ಹಿರಿಯರಿಗೆ ಹಗ್ಗ ಇಲ್ಲ, ವಿಮೆ ಇಲ್ಲ, ಕಾರ್ಡು ಇಲ್ಲ. ಕಟ್ಟಡ ಕಾರ್ಮಿಕರಿಗೆಂದು 1996ರಲ್ಲಿ ಕೇಂದ್ರದ ಕಾಯ್ದೆ ಬಂತು. ರಿಪೇರಿ ಕೆಲಸವನ್ನೂ ಅದರ ಒಳಗೆ ಬರೆದಿದ್ದರು. ಕೇಳಲು ಚೆನ್ನ. ಆದರೆ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರಬೇಕಾದರೆ ಹಿಂದಿನ ಒಂದು ವರ್ಷದಲ್ಲಿ 90 ದಿನ ದುಡಿದಿರಬೇಕು ಎಂದು ಶರತ್ತು ಇಟ್ಟರು. ಇಂದು ಈ ಮನೆಯಲ್ಲಿ ಅರ್ಧ ದಿನ, ನಾಡಿದ್ದು ಆ ಮನೆಯಲ್ಲಿ ಎರಡು ದಿನ. 90 ದಿನದ ಸರ್ಟಿಫಿಕೇಟಿಗೆ ಸಹಿ ಹಾಕುವ ಧಣಿ ಯಾರು? ಬೀಡಿ ಕಟ್ಟುವ ಆ ತಾಯಿಯಾ? ಹತ್ತು ಲಕ್ಷದೊಳಗಿನ ಸ್ವಂತ ಮನೆಯ ಕೆಲಸವನ್ನು ಸೆಸ್ಸಿನಿಂದ ಹೊರಗೆ ಇಟ್ಟರು. ಬಡವರಿಗೆ ಅದು ಅನುಕೂಲವೇ, ನಾವು ಬೇಡ ಎನ್ನುವುದಿಲ್ಲ. ಆದರೆ ಅಲ್ಲಿ ದುಡಿದವರು ಯಾವ ಪುಸ್ತಕದಲ್ಲೂ ಇಲ್ಲದಾದರು. 2025ರ ನವೆಂಬರ್‌ನಲ್ಲಿ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾದವು. ಕಾನೂನಿನ ಹೆಸರು ಬದಲಾಯಿತು. ಏಣಿ ಅದೇ, ಹಾವಸೆ ಅದೇ, ಜಾರುವ ಕಾಲು ಅದೇ.

ಕೆಲಸ ಸಣ್ಣದು ಎಂದ ಕೂಡಲೇ ಕೂಲಿಯೂ ಸಣ್ಣದಾಗುತ್ತದೆ, ಬಿದ್ದ ಏಟೂ ಸಣ್ಣದಾಗುತ್ತದೆ, ಆ ಕೆಲಸದ ತಿಳುವಳಿಕೆಯೂ ಸಣ್ಣದಾಗುತ್ತದೆ. ಆಲೋಚಿಸಿ ನೋಡಿ. ನಾವು ಬಿ.ಎ. ಓದಿದವರು. ನಮ್ಮ ಮೂರು ವರ್ಷದ ಸಿಲಬಸ್ಸಿನಲ್ಲಿ ಮಳೆಗಾಲದ ಮೇಲೆ ಎಷ್ಟೋ ಪದ್ಯಗಳಿದ್ದವು. ಸೋರುವ ಮಾಡಿನ ಮೇಲೆ ಒಂದು ಪಾಠ ಇರಲಿಲ್ಲ. ಯಾವ ಹಂಚು ಯಾವುದಕ್ಕೆ ಕೂರುತ್ತದೆ, ನೀರು ಯಾವ ದಾರಿ ಹಿಡಿಯುತ್ತದೆ, ಎಲ್ಲಿ ಕಾಲಿಟ್ಟರೆ ಮಾಡು ಹೊರುತ್ತದೆ ಎಂಬುದನ್ನು ತಿಳಿದವರನ್ನು ಈ ಸಮಾಜ ‘ಕೂಲಿಯವ’ ಎಂದು ಕರೆದು ಅಂಗಳದಲ್ಲೇ ನಿಲ್ಲಿಸುತ್ತದೆ. ಅದೇ ತಿಳುವಳಿಕೆಯನ್ನು ಇಂಗ್ಲಿಷಿನಲ್ಲಿ ಬರೆದವರಿಗೆ ‘ಇಂಜಿನಿಯರ್’ ಎಂದು ಕುರ್ಚಿ ಕೊಡುತ್ತದೆ. ತಲೆಯನ್ನು ಒಂದು ಜಾತಿಗೆ, ಕೈಯನ್ನು ಒಂದು ಜಾತಿಗೆ ಹಂಚಿದ ಮನುವಿನ ಮಾಡು ಇದು. ಈ ಮಾಡಿನ ಒಂದು ಹಂಚು ಬದಲಿಸಿದರೆ ಸಾಲದು.

ತಪ್ಪು ತಿಳಿಯಬೇಡಿ. ಅಜ್ಜನ ಕಸುಬೇ ಮೊಮ್ಮಗನಿಗೂ ಇರಲಿ ಎಂದು ನಾವು ಹೇಳುತ್ತಿಲ್ಲ. ಅದು ಅವರ ಧರ್ಮಶಾಸ್ತ್ರ. ಮೊಮ್ಮಗ ಡಾಕ್ಟರಾಗಲಿ, ಮೊಮ್ಮಗಳು ಜಿಲ್ಲಾಧಿಕಾರಿಯಾಗಲಿ. ಆದರೆ ಅಜ್ಜನ ತಿಳುವಳಿಕೆ ಅವನ ಹೆಣದ ಜೊತೆ ಸುಟ್ಟು ಹೋಗಬಾರದು. ಅದನ್ನು ಎಲ್ಲ ಜಾತಿಯ ಮಕ್ಕಳೂ ಕಲಿಯಲಿ. ಮೇಲುಜಾತಿಯ ಹುಡುಗರೂ ಏಣಿ ಹತ್ತಲಿ. ಆಗ ನೋಡೋಣ, ಹಗ್ಗವೂ ವಿಮೆಯೂ ಎಷ್ಟು ಬೇಗ ಬರುತ್ತವೆ ಎಂದು!

ಆದ್ದರಿಂದ ನಾವು ಕೇಳುತ್ತೇವೆ. ಬೇಡುವುದಲ್ಲ, ಕೇಳುವುದು.

1. ಪ್ರತಿ ವರ್ಷ ಏಪ್ರಿಲ್ ಮುಗಿಯುವುದರೊಳಗೆ ನಗರದ ದಲಿತ ಕಾಲನಿಗಳ ಮಾಡುಗಳನ್ನು ಪರೀಕ್ಷಿಸಿ ರಿಪೇರಿ ಮಾಡಿಕೊಡಬೇಕು. ಪರಿಶಿಷ್ಟರ ಪಾಲಿನ ಹಣವನ್ನು ಪರಿಶಿಷ್ಟರಿಗೇ ಖರ್ಚು ಮಾಡಲು 2013ರ ಉಪಯೋಜನೆ ಕಾಯ್ದೆ ಇದೆ. ಅದರಲ್ಲಿ ದುರಸ್ತಿಗೆಂದೇ ಒಂದು ಪಾಲು ಬೇಕು.

2. ಡಿ.ಸಿ. ಮನ್ನಾ ಭೂಮಿಯನ್ನು ಅಳೆದು ಹಂಚಬೇಕು. ಅಲ್ಲಿಯ ತನಕ ಹಕ್ಕುಪತ್ರ ಇಲ್ಲ ಎಂಬ ಕಾರಣಕ್ಕೆ ಸೋರುವ ಮನೆಯ ಅರ್ಜಿಯನ್ನು ತಳ್ಳಬಾರದು.

3. ಊರಲ್ಲಿ ಹಳೇ ಕಟ್ಟಡ ಒಡೆದಾಗ ಸಿಗುವ ಹಂಚಿನ ಒಂದು ಪಾಲನ್ನು ಪಾಲಿಕೆ ಕೊಂಡು, ಕಾರ್ಖಾನೆಯ ಅಚ್ಚು ಮತ್ತು ಅಳತೆ ನೋಡಿ ಬೇರ್ಪಡಿಸಿ ಇಡಬೇಕು. ಬಡವರಿಗೆ ಒಂದು ಬೇಕಾದರೆ ಒಂದು, ಏಳು ಬೇಕಾದರೆ ಏಳು, ಬಿಡಿಯಾಗಿ ಸಿಗಬೇಕು.

4. ಮಾಡಿನ ಕೆಲಸದವರಿಗೆ ದಿನದ ಲೆಕ್ಕದ ಪುಸ್ತಕ, ವಿಮೆ, ಹಗ್ಗ, ಒಳ್ಳೇ ಏಣಿ ಕೊಡಬೇಕು. ಸಹಿ ಹಾಕುವ ಧಣಿ ಇಲ್ಲದಿದ್ದರೆ ಕೆಲಸ ಮಾಡಿಸಿದ ಮನೆಯವರ ಸಹಿ ಸಾಕು ಎಂದು ನಿಯಮ ಮಾಡಬೇಕು.

5. ಐ.ಟಿ.ಐ.ಗಳಲ್ಲಿ ಮಾಡಿನ ದುರಸ್ತಿಯ ಪಾಠ ಶುರು ಮಾಡಬೇಕು. ಕಲಿಸಲು ಹಳೇ ಕಾರ್ಖಾನೆಯ ಕೆಲಸಗಾರರನ್ನು, ಗಂಡಸರು ಹೆಂಗಸರು ಇಬ್ಬರನ್ನೂ, ಸಂಬಳ ಕೊಟ್ಟು ಕರೆಯಬೇಕು. ಅವರಿಗೆ ಸರ್ಟಿಫಿಕೇಟು ಕೇಳಬಾರದು.

ಹಾಸ್ಟೆಲಿನ ಗೆಳೆಯರೇ, ಇದು ಸರ್ಕಾರಕ್ಕೆ ಕೊಡುವ ಪಟ್ಟಿ. ನಿಮಗೂ ಒಂದು ಕೆಲಸ ಇದೆ. ರಜೆಗೆ ಊರಿಗೆ ಹೋದಾಗ ನಿಮ್ಮ ಕೇರಿಯ, ಕಾಲನಿಯ ಪ್ರತಿ ಮನೆಯ ಒಳಗೆ ಮಧ್ಯಾಹ್ನ ಬಾಗಿಲು ಮುಚ್ಚಿ ನಿಂತು ನೋಡಿ. ಎಷ್ಟು ಕಡೆ ಬೆಳಕು ಚುಚ್ಚುತ್ತದೆ, ಎಣಿಸಿ. ಹಂಚಿನ ಅಚ್ಚು ಯಾವುದು, ಅಳತೆ ಎಷ್ಟು, ಪಕ್ಕಾಸಿನ ತುದಿ ಗಟ್ಟಿ ಇದೆಯಾ, ಜಾಗದ ಕಾಗದ ಇದೆಯಾ, ಬರೆದುಕೊಳ್ಳಿ. ಮಾಡಿನ ಕೆಲಸ ಬಲ್ಲ ಹಿರಿಯರ ಹತ್ತಿರ ಕೂತು ಕೇಳಿ, ಅದನ್ನೂ ಬರೆಯಿರಿ. ಬರೆಯಲು ಬೇರೆ ಕಾಗದ ಇಲ್ಲದಿದ್ದರೆ ಈ ಹಾಳೆಯ ಹಿಂಬದಿ ಖಾಲಿ ಬಿಟ್ಟಿದ್ದೇವೆ. ಮುಂದಿನ ಸಭೆಗೆ ಅದನ್ನು ತನ್ನಿ. ಎಲ್ಲ ಹಾಳೆಗಳನ್ನೂ ಒಟ್ಟು ಹೊಲಿದು ಅವರ ಮೇಜಿನ ಮೇಲೆ ಇಡೋಣ. ಒಂದು ಹಂಚು, ಒಂದು ಹಂಚು, ಒಂದು ಹಂಚು ಎಂದು ಕೂಡಿಸಿದಾಗ ಮೊತ್ತ ಎಷ್ಟಾಯಿತು ಎಂದು ಅವರೇ ಓದಲಿ.

ಪತ್ತನಾಜೆಯ ಒಳಗೆ ಪಟ್ಟಿ ಆಗಬೇಕು. ಮಳೆ ಯಾರ ಸಹಿಗೂ ಕಾಯುವುದಿಲ್ಲ.